ಕೆಂಪು ಮುಚ್ಚಳ

ಮೂರನೆಯ ಸಲ ಹುಲ್ಲು ಕತ್ತರಿಸುವ ಯಂತ್ರ ನಿಂತದ್ದು ಹೆಂಗಸರ ವಾರ್ಡಿನ ಕಿಟಕಿಯ ಎದುರಿಗೆ. ಮೊದಲು ಏದುಸಿರು ಬಿಟ್ಟಿತು, ಆಮೇಲೆ ಎರಡು ಸಲ ಜೋರಾಗಿ ಗುರುಗುಟ್ಟಿತು, ಕೊನೆಗೆ ಇನ್ನು ನನ್ನ ಕೈಲಾಗದು ಎನ್ನುವ ಹಾಗೆ ಸುಮ್ಮನಾಯಿತು. ಅವಳು ಹಿಡಿಕೆ ಬಿಡದೆ ಹಾಗೆಯೇ ನಿಂತಳು. ಹಿಂದೆ ಕತ್ತರಿಸಿದ ಹುಲ್ಲಿನ ನಾಲ್ಕು ಪಟ್ಟಿ, ಮುಂದೆ ಪಾದ ಮುಳುಗುವಷ್ಟು ಬೆಳೆದು ನಿಂತ ಇಡೀ ಅಂಗಳ.

ಕಿಟಕಿಯ ಪಕ್ಕದ ಮಂಚದಿಂದ ಮುದುಕಿಯೊಬ್ಬಳು ಕೇಳಿದಳು: "ಮತ್ತೆ ಕೈ ಕೊಡ್ತಾ?"

"ಹೂಂ ಅಜ್ಜಿ. ಸ್ವಲ್ಪ ಹೊತ್ತು ಬಿಟ್ರೆ ಸುಧಾರಿಸ್ಕೊಳ್ಳತ್ತೆ."

"ನಾನೂ ಹಾಗೇ ಅಂದ್ಕೊಂಡು ಇಲ್ಲಿಗೆ ಬಂದೆ, ತಾಯಿ. ಹನ್ನೊಂದು ದಿನ ಆಯ್ತು."

ಬೇರೆ ದಿನವಾಗಿದ್ದರೆ ಅವಳಿಗೆ ನಗು ಬರುತ್ತಿತ್ತು. ಇವತ್ತು ಶನಿವಾರ. ಸೋಮವಾರಕ್ಕೆ ಎರಡು ತಿಂಗಳು ತುಂಬುತ್ತದೆ.

ಈ ಆಸ್ಪತ್ರೆಯ ಹುಲ್ಲನ್ನು ಹತ್ತೊಂಬತ್ತು ವರ್ಷ ಕತ್ತರಿಸಿದವನು ಅವಳ ಗಂಡ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನ ಕೈಯಿಂದ ಲೋಟ ಜಾರಿತು, ಅದರ ಹಿಂದೆಯೇ ಅವನೂ ಬಿದ್ದ. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ಅಂತ ಉಳಿದದ್ದು ಹೂಂ, ಬೇಡ, ನೀರು, ಏನು, ಇಷ್ಟೇ. ಅವನ ಕೆಲಸವನ್ನು ಅವಳಿಗೆ ಕೊಡಲು ಆಸ್ಪತ್ರೆಯವರು ಒಪ್ಪಿದ್ದರು, ಆದರೆ ಎರಡು ತಿಂಗಳು ನೋಡಿ ಆಮೇಲೆ ಹೇಳುತ್ತೇವೆ ಎಂಬ ಮಾತಿನ ಮೇಲೆ. ಆಸ್ಪತ್ರೆಯ ಹಿಂಭಾಗದ ಎರಡು ಕೋಣೆಯ ಮನೆ ಕೆಲಸದ ಜೊತೆಗೇ ಬಂದದ್ದು. ಕೆಲಸ ಹೋದರೆ ಅದೂ ಹೋಗುತ್ತದೆ. ನೆಟ್ಟಗೆ ನಿಲ್ಲಲಾರದ ಮನುಷ್ಯನನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು ಎಂದು ಅವಳು ಇನ್ನೂ ಯೋಚಿಸಿರಲಿಲ್ಲ.

ಮೇಸ್ತ್ರಿ ಕಾರಿಡಾರಿನ ಮೆಟ್ಟಿಲಿಳಿದು ಬಂದ. ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವ ಅವನನ್ನು ಆಸ್ಪತ್ರೆಯವರೆಲ್ಲ ಬೆನ್ನ ಹಿಂದೆ ಗಡಿಯಾರ ಎನ್ನುತ್ತಿದ್ದರು. ಕೆಟ್ಟವನಲ್ಲ, ಮೇಲಿನವರಿಗೂ ಕೆಳಗಿನವರಿಗೂ ನಡುವೆ ಸಿಕ್ಕಿಕೊಂಡವನು.

"ಹನ್ನೊಂದು ಗಂಟೆ ಆಯ್ತಲ್ಲಮ್ಮಾ. ನಾಲ್ಕು ಸಾಲು ಆಗಿದೆ ಅಷ್ಟೇ."

"ಮಿಷಿನ್ನು ನಿಂತು ನಿಂತು ಹೋಗ್ತಿದೆ, ಸಾರ್."

"ನಿನ್ನ ಬಾವನ ಅಂಗಡೀಲಿ ಎರಡು ಸಲ ರಿಪೇರಿ ಆಯ್ತು. ಅಲ್ಲಿ ಚೆನ್ನಾಗೇ ಓಡತ್ತಂತೆ." ಅವನು ದನಿ ತಗ್ಗಿಸಿದ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ, ಹಂಗಾಗಬಾರದು. ನಾನು ಹೇಳ್ತಿಲ್ಲ, ಆಫೀಸಲ್ಲಿ ಅಂತಾರೆ. ನಿನ್ನ ಗಂಡ ಒಂದೇ ಕೈಯಲ್ಲಿ ಮಿಷಿನ್ನಿಗೆ ಬಣ್ಣ ಹಚ್ಚಿ ಕೊಟ್ಟಿದಾನೆ. ನಿನಗೆ ಎರಡಿದೆ. ಸೋಮವಾರ ದೊಡ್ಡ ಡಾಕ್ಟ್ರು ಬಂದು ನೋಡೋ ಹೊತ್ತಿಗೆ ಅಂಗಳ ಪೂರ್ತಿ ಆಗಿರಬೇಕು. ಇಲ್ಲದಿದ್ರೆ ಕಂಟ್ರಾಕ್ಟಿಗೆ ಕೊಡ್ತಾರೆ. ಆಗ ನನ್ನ ಬೈಬೇಡ."

ಅವನು ಹೋದ ಮೇಲೆ ಅವಳು ಯಂತ್ರ ಎಬ್ಬಿಸುವ ಹಗ್ಗ ಎಳೆದಳು. ಇಲ್ಲ. ಇನ್ನೊಮ್ಮೆ ಎಳೆದಳು, ಮತ್ತೊಮ್ಮೆ. ಭುಜ ಕಳಚಿ ಬಂದಂತಾಯಿತು. ಮೇಸ್ತ್ರಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳ ಅಕ್ಕನ ಗಂಡ ಕಾರ್ಬೊರೇಟರ್ ಬಿಚ್ಚಿ ತೊಳೆದಿದ್ದ, ಪ್ಲಗ್ ಬದಲಿಸಿದ್ದ, ಗಾಳಿಯ ಜಾಲರಿಯ ಧೂಳು ಕೊಡವಿದ್ದ. ಅಂಗಡಿಯ ಮುಂದೆ ನಿಲ್ಲಿಸಿಕೊಂಡು ಅರ್ಧ ಗಂಟೆ ಓಡಿಸಿಯೂ ತೋರಿಸಿದ್ದ. ಒಂದು ಸಲವೂ ಕೆಮ್ಮಲಿಲ್ಲ. "ಇದು ಕೈಗುಣ ಕಣಮ್ಮಾ," ಎಂದು ನಕ್ಕಿದ್ದ. "ಹತ್ತೊಂಬತ್ತು ವರ್ಷ ಒಬ್ಬನ ಕೈಲಿ ಪಳಗಿದ್ದು. ನಿನ್ನ ಕೈಗೆ ಹೊಂದ್ಕೋಬೇಕಲ್ಲ." ತಮಾಷೆಗೆ ಆಡಿದ ಮಾತು ಅವಳೊಳಗೆ ಮುಳ್ಳಿನಂತೆ ಮುರಿದುಕೊಂಡಿತ್ತು. ಎರಡು ವಾರದಿಂದ ಅವಳು ತನ್ನ ಕೈಗಳನ್ನೇ ಅನುಮಾನದಿಂದ ನೋಡುತ್ತಿದ್ದಳು.

ಪೆಟ್ರೋಲಾದರೂ ಇದೆಯೋ ನೋಡೋಣ ಎಂದು ಟ್ಯಾಂಕಿನ ಕೆಂಪು ಮುಚ್ಚಳ ತಿರುಗಿಸಿದಳು. ಸುಸ್ ಎಂದು ಗಾಳಿ ಒಳಗೆ ನುಗ್ಗಿತು. ಪೆಟ್ರೋಲು ಅರ್ಧಕ್ಕಿಂತ ಹೆಚ್ಚೇ ಇತ್ತು. ಮುಚ್ಚಿ ಹಗ್ಗ ಎಳೆದರೆ ಒಂದೇ ಎಳೆತಕ್ಕೆ ಯಂತ್ರ ಎದ್ದಿತು.

ಅವಳು ಅದನ್ನು ತಳ್ಳಲಿಲ್ಲ. ಎದ್ದ ಯಂತ್ರವನ್ನು ತಾನೇ ಆರಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಬೆಳಿಗ್ಗೆ ಮೊದಲ ಸಲ ನಿಂತಾಗಲೂ ಪೆಟ್ರೋಲು ನೋಡಿದ್ದಳು, ಕೂಡಲೇ ಹೊರಟಿತ್ತು. ಎರಡನೆಯ ಸಲ ಸಿಟ್ಟಿನಲ್ಲಿ ಏನನ್ನೂ ಮುಟ್ಟದೆ ಕಾಲು ಗಂಟೆ ಕಾದಿದ್ದಳು, ಎಷ್ಟು ಎಳೆದರೂ ಏಳಲಿಲ್ಲ. ಕೊನೆಗೆ ಮುಚ್ಚಳ ತೆಗೆದು ನೋಡಿದ ಮೇಲೆಯೇ ಎದ್ದದ್ದು. ಹಾಗಾದರೆ ಯಂತ್ರಕ್ಕೆ ಬೇಕಾದದ್ದು ವಿಶ್ರಾಂತಿಯಲ್ಲ.

ಎಣ್ಣೆ ಡಬ್ಬ ನೆನಪಾಯಿತು. ಹೊಸ ಡಬ್ಬಕ್ಕೆ ಒಂದೇ ತೂತು ಹೊಡೆದು ಬಗ್ಗಿಸಿದರೆ ಎಣ್ಣೆ ಗೊಳಕ್ ಗೊಳಕ್ ಎಂದು ಎರಡು ಸಲ ಬಂದು ನಿಂತುಬಿಡುತ್ತದೆ. ಆಚೆ ಮೂಲೆಗೆ ಇನ್ನೊಂದು ಹೊಡೆದರೆ ಸರಾಗ. ಒಂದು ತೂತು ಎಣ್ಣೆಗೆ, ಒಂದು ತೂತು ಗಾಳಿಗೆ ಎಂದು ಅಮ್ಮ ಹೇಳಿಕೊಟ್ಟದ್ದು, ಅವಳು ಅಡುಗೆಮನೆಯ ಕಟ್ಟೆಗೆ ಕೈ ಎಟುಕದ ವಯಸ್ಸಿನಲ್ಲಿ. ಟ್ಯಾಂಕಿನಿಂದ ಪೆಟ್ರೋಲು ಇಳಿಯಲೂ ಗಾಳಿ ಒಳಗೆ ಹೋಗಬೇಕಲ್ಲ. ಬಾವನಿಗೋ, ಪೆಟ್ರೋಲು ಸುರಿದ ಮೇಲೆ ಮುಚ್ಚಳವನ್ನು ಬೆಂಚಿನ ಮೇಲೆ ಮರೆತು ಯಂತ್ರ ಓಡಿಸುವ ಅಭ್ಯಾಸ. ಅವನ ಅಂಗಡಿಯಲ್ಲಿ ಅದು ಹೇಗೆ ನಿಂತೀತು?

ಮುಚ್ಚಳವನ್ನು ಸಡಿಲವಾಗಿಯೇ ಕೂರಿಸಿ ಹೊರಟಳು. ಒಂದು ಸುತ್ತು, ಎರಡು ಸುತ್ತು, ಐದು ಸುತ್ತು. ಸದ್ದು ಒಂದೇ ಸಮನೆ ಇತ್ತು. ನನ್ನ ಕೈಯಲ್ಲಿ ಏನೂ ದೋಷವಿಲ್ಲ ಎಂದು ತಿಳಿದಾಗ ಅವಳಿಗೆ ಆದ ಸಂತೋಷ ಸಣ್ಣದಲ್ಲ. ಯಾರೂ ನೋಡುತ್ತಿಲ್ಲವೆಂದು ಗೊತ್ತಾಗಿ ಒಮ್ಮೆ ಅಂಗೈಗಳನ್ನು ಕೆನ್ನೆಗೆ ಒತ್ತಿಕೊಂಡಳು.

ಮರದ ನೆರಳಿಗೆ ಬಂದಾಗ ನಿಲ್ಲಿಸಿ, ಮುಚ್ಚಳವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಗಾಳಿಯ ತೂತು ಇರಬೇಕಾದ ನಡುಮಧ್ಯದಲ್ಲಿ ನುಣ್ಣನೆಯ ಕೆಂಪು ಬಣ್ಣ ದಪ್ಪಗೆ ಕೂತಿತ್ತು. ಅಂಚಿನಲ್ಲಿ ಒಂದು ಹನಿ ಜಾರಿ ಹಾಗೆಯೇ ಗಟ್ಟಿಯಾಗಿತ್ತು.

ಸಂತೋಷ ಅಲ್ಲಿಗೇ ನಿಂತಿತು. ಶನಿವಾರ ಸಂಜೆ ಯಂತ್ರವನ್ನು ಮನೆಗೆ ತಳ್ಳಿಕೊಂಡು ಬಂದು ತೊಳೆಯುವುದು, ವರ್ಷಕ್ಕೊಮ್ಮೆ ಬಣ್ಣ ಹಚ್ಚುವುದು ಗಂಡನ ಪದ್ಧತಿ. ಮೈಗೆ ಹಸಿರು, ಮುಚ್ಚಳಕ್ಕೆ ಕೆಂಪು. ಮುಚ್ಚಳಕ್ಕೆ ಹಚ್ಚುವ ಮೊದಲು ಅದರ ತೂತಿಗೆ ಒಂದು ಬೆಂಕಿಕಡ್ಡಿ ನೆಡುತ್ತಿದ್ದ. ಬಣ್ಣ ಒಣಗಿದ ಮೇಲೆ ಕೀಳುತ್ತಿದ್ದ. ಕಿಟಕಿಯ ಕಟ್ಟೆಯ ಮೇಲೆ ಕಡ್ಡಿ ನೆಟ್ಟುಕೊಂಡು ಕೂತ ಮುಚ್ಚಳವನ್ನು ಕಂಡು, "ಎಷ್ಟನೇ ಹುಟ್ಟುಹಬ್ಬ ಇದಕ್ಕೆ?" ಎಂದು ಅವಳು ಪ್ರತಿ ವರ್ಷ ರೇಗಿಸುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು, ಎನ್ನುತ್ತಿದ್ದಳು. ಎರಡು ಭಾನುವಾರಗಳ ಹಿಂದೆ, ಕಾಯಿಲೆ ಬಿದ್ದ ಮೇಲೆ ಮೊದಲ ಸಲ, ಅವನು ಎಡಗೈ ಚಾಚಿ ಕುಂಚ ಕೇಳಿದ್ದ. ಬೆಳಗಿನಿಂದ ಸಂಜೆಯವರೆಗೆ ನೆಲದ ಮೇಲೆ ಕೂತು, ಜಾರಿ, ಮತ್ತೆ ಕೂತು ಇಡೀ ಯಂತ್ರಕ್ಕೆ ಬಣ್ಣ ಹಚ್ಚಿದ್ದ. ಮುಗಿದ ಮೇಲೆ ಅವನ ಮುಖದ ಅರ್ಧ ಭಾಗ ನಕ್ಕಿತ್ತು. ಅವಳು ಅಡುಗೆಮನೆಗೆ ಹೋಗಿ ಅತ್ತಿದ್ದಳು. ಈ ಸಲ ಮುಚ್ಚಳಕ್ಕೆ ಕಡ್ಡಿ ನೆಟ್ಟಿರಲಿಲ್ಲವೆಂಬುದನ್ನು ಇಬ್ಬರೂ ಗಮನಿಸಿರಲಿಲ್ಲ.

ಜಡೆಯಿಂದ ಪಿನ್ನು ಕಿತ್ತು ಬಣ್ಣವನ್ನು ಚುಚ್ಚಿದಳು. ಸಿಪ್ಪೆ ಎದ್ದು ತೂತು ತೆರೆದುಕೊಂಡಿತು.

ನಾಲ್ಕೂವರೆಗೆ ಕೊನೆಯ ಪಟ್ಟಿಯೂ ಮುಗಿಯಿತು. ಗಡಿಯಾರ ಬಂದು ಮಣಿಕಟ್ಟನ್ನೂ ಅಂಗಳವನ್ನೂ ನೋಡಿದ. "ಏನಾಗಿತ್ತಮ್ಮಾ?"

"ಕಸ ಕೂತಿತ್ತು ಸಾರ್."

"ಸೋಮವಾರ ಒಂಬತ್ತಕ್ಕೆ ಆಫೀಸಿಗೆ ಬಾ. ದೊಡ್ಡ ಡಾಕ್ಟ್ರು ನೋಡಿದ್ಮೇಲೆ ಸೈನ್ ಮಾಡೋದಿರತ್ತೆ. ಬರ್ತಾ ನಿನ್ನ ಗಂಡನದೊಂದು ಫೋಟೋ ತಗೊಂಡು ಬಾ, ಮನೆ ಕಾಗದಕ್ಕೆ ಬೇಕು." ಅಂಗಳವನ್ನು ಇನ್ನೊಮ್ಮೆ ನೋಡಿ, "ಅವನು ಕತ್ತರಿಸಿದ ಹಾಗೇ ಇದೆ," ಎಂದು ಹೋದ.

ಮನೆಯಲ್ಲಿ ಗಂಡ ಕಿಟಕಿಯ ಬಳಿಯ ಕುರ್ಚಿಯಲ್ಲಿದ್ದ. ಇಡೀ ದಿನದ ಸದ್ದೆಲ್ಲ ಅವನ ಕಿವಿಗೆ ಬಿದ್ದಿತ್ತು. ನಿಂತದ್ದು, ಎದ್ದದ್ದು, ಆಮೇಲೆ ನಿಲ್ಲದೆ ಓಡಿದ್ದು.

"ಏನು?" ಎಂದ.

ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. "ಕಾರ್ಬೊರೇಟರಲ್ಲಿ ಕಸ ಇತ್ತು ರೀ. ಬಾವ ಸರಿಯಾಗಿ ತೊಳೆದೇ ಇರಲಿಲ್ಲ. ಮಾತೊಂದು ಬರತ್ತೆ ಅವರಿಗೆ." ಸೋಮವಾರದ ಸುದ್ದಿ ಹೇಳಿದಳು. ಅವನು ಹೂಂ ಎಂದ. ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಅವಳು ಬಟ್ಟೆ ತೆಗೆದುಕೊಂಡು ಯಂತ್ರ ಒರೆಸಲು ಹೋದಳು.

ಭಾನುವಾರ ಮಧ್ಯಾಹ್ನ ತರಕಾರಿ ತಂದು ಬಾಗಿಲು ತೆರೆದಾಗ ಮನೆಯಲ್ಲಿ ಬಣ್ಣದ ವಾಸನೆ. ಯಂತ್ರದ ಟ್ಯಾಂಕಿನ ಬಾಯಿಗೆ ಬಟ್ಟೆ ತುರುಕಿತ್ತು. ಕುರ್ಚಿಯಿಂದ ಕಿಟಕಿಯವರೆಗೆ ನೆಲದ ಮೇಲೆ ಬೆಂಕಿಕಡ್ಡಿಗಳು ಚೆಲ್ಲಿದ್ದವು, ಹತ್ತೋ ಹನ್ನೆರಡೋ, ಹೆಚ್ಚಿನವು ಅರ್ಧಕ್ಕೆ ಮುರಿದವು. ಕಿಟಕಿಯ ಕಟ್ಟೆಯ ಮೇಲೆ ಹಳೆಯ ಪತ್ರಿಕೆ ಹಾಸಿ ಮುಚ್ಚಳ ಇಟ್ಟಿತ್ತು. ಹೊಸದಾಗಿ ಹಚ್ಚಿದ ಕೆಂಪು ಇನ್ನೂ ಹೊಳೆಯುತ್ತಿತ್ತು. ನಡುವೆ ಒಂದು ಕಡ್ಡಿ ಸ್ವಲ್ಪ ಓರೆಯಾಗಿ ನಿಂತಿತ್ತು.

ಅವನು ಹೊರಗೆ ನೋಡುತ್ತಿದ್ದ. ಎಡಗೈ ಬೆರಳುಗಳೆಲ್ಲ ಕೆಂಪಾಗಿದ್ದವು, ಗದ್ದದ ಮೇಲೊಂದು ಗೀರು. ಅವಳು ಚೀಲ ಕೆಳಗಿಟ್ಟು ಮುಚ್ಚಳದ ಕಡೆ ಕೈ ಚಾಚಿದಳು.

"ಒಣಗಲಿ," ಎಂದ ಅವನು.

ಕಾಯಿಲೆ ಬಿದ್ದ ಮೇಲೆ ಆ ಮಾತು ಅವನ ಬಾಯಿಂದ ಬಂದದ್ದು ಇದೇ ಮೊದಲು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ನೆಲದ ಮೇಲೆ ಕೂತು, ಮುರಿದ ಕಡ್ಡಿಗಳನ್ನು ಒಂದೊಂದಾಗಿ ಆರಿಸತೊಡಗಿದಳು.