ಹಲ್ಲುಪುಡಿ ಹಚ್ಚಿದ ಚಿನ್ನ

ಹೇರ್‌ಪಿನ್ನಿನ ತುದಿಯಿಂದ ಮೀಟಿದ್ದೇ ತಡ, ಪುಟ್ಟ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಟಪ್ಪನೆ ಬಿಟ್ಟುಕೊಂಡು, ಚಿನ್ನದ ನಾಣ್ಯ ಕಂಡಕ್ಟರನ ಹೆಂಡತಿಯ ಅಂಗೈಗೆ ಬಿತ್ತು. ಒಳಗೆ ಬರುತ್ತಿದ್ದ ಗಡಿಯಾರ ರಿಪೇರಿಯವನು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟ. ಆಕೆಯ ಪಕ್ಕದಲ್ಲಿ ಹಲ್ಲುಪುಡಿಯ ತಟ್ಟೆಯಿತ್ತು.

"ಬನ್ನಿ. ಈ ನಾಣ್ಯಗಳೆಲ್ಲ ನಿಮಗೇ ಸೇರಬೇಕು ಅಂತ ಅವರು ಹೇಳಿದ್ರಲ್ಲ, ಹಾಗೇ ಹೇಗೆ ಕೊಡ್ಲಿ? ಉಜ್ಜಿ ಕೊಡ್ತೀನಿ."

ಆಗಷ್ಟೇ ಅವನ ಗೆಳೆಯ ಕಂಡಕ್ಟರನನ್ನು ಮಣ್ಣು ಮಾಡಿ ಬಂದಿದ್ದರು. ಹಾಲ್‌ನಲ್ಲಿ ಬಸ್ ಡಿಪೋದವರು ಟೀ ಕುಡಿಯುತ್ತಿದ್ದರು. "ಸಮುದ್ರಾನೇ ನೋಡದ ಕ್ಯಾಪ್ಟನ್ ಕಣ್ರೀ ಅವನು. ತಿರುವಲ್ಲಿ ಬಸ್ಸು ವಾಲಿದ್ರೆ, ಹಡಗು ಹುಷಾರು ಅಂತ ಕೂಗೋನು," ಎಂದು ಡ್ರೈವರ್ ಹೇಳಿದ್ದಕ್ಕೆ ಎಲ್ಲರೂ ನಕ್ಕರು.

ದಿನವಿಡೀ ಸವೆದ ಚಿಲ್ಲರೆ ಮುಟ್ಟುತ್ತಿದ್ದವನಿಗೆ, ಯಾರೂ ಮುಟ್ಟದ ನಾಣ್ಯಗಳ ಹುಚ್ಚು. ಅದೂ ಎಲ್ಲೋ ದೂರದ ಕೆರಿಬಿಯನ್ ದ್ವೀಪಗಳ ಚರಿತ್ರೆಯ ನೆನಪಿಗೆಂದು ಈಚೆಗೆ ಟಂಕಿಸಿದಂಥವು. ಅಂಗಿಯ ಗುಂಡಿಯಷ್ಟೇ ಗಾತ್ರ. ಕಡಲ್ಗಳ್ಳರ ಹಡಗು, ಕಬ್ಬಿನ ಗಾಣ, ಸರಪಳಿ ಹರಿಯುತ್ತಿರುವ ಹೆಂಗಸು. ಆ ಹೆಂಗಸಿನ ನಾಣ್ಯದ ಮೇಲೆ ಗಡಿಯಾರದವನಿಗೆ ಮೊದಲಿನಿಂದಲೂ ಕಣ್ಣು. ಇವತ್ತು ಅದನ್ನು ಬೆರಳ ಗುರುತು ಬೀಳದಂತೆ ಹಿಡಿಯಲೆಂದು ಜೇಬಿನಲ್ಲಿ ಬಿಳಿ ಕೈಗವಸು ಇಟ್ಟುಕೊಂಡೇ ಬಂದಿದ್ದ. ನಾಚಿಕೆಯೇನೋ ಆಗಿತ್ತು, ಆಸೆ ಕೇಳಬೇಕಲ್ಲ.

*

ಹಿಂದೊಮ್ಮೆ ಕಂಡಕ್ಟರ್ ಅಂಗಡಿಗೆ ಬಂದು, ಹಡಗಿನ ನಾಣ್ಯವನ್ನು ಭೂತಗನ್ನಡಿಯ ಕೆಳಗಿಟ್ಟಿದ್ದ. ಕನ್ನಡಿಯಂಥ ಮೈತುಂಬ ಗೀರು.

"ಯಾರೋ ಮಾಡಿದ್ದು ಈ ಕೊಲೆ? ಬಟ್ಟೆ ಸೋಕಿಸಿದ್ರೂ ಕೆಡುತ್ತೆ ಇದು."

"ನಿನ್ನ ಅತ್ತಿಗೆ. ನನ್ನ ಹುಟ್ಟುಹಬ್ಬ ಅಂತ ಹಲ್ಲುಪುಡಿ ಹಾಕಿ ಉಜ್ಜಿದ್ದಾಳೆ."

"ನೀನೇನಂದೆ?"

"ಸೂರ್ಯ ಇದ್ದ ಹಾಗಿದೆ ಅಂದೆ. ಅವಳ ಮುಖ ನೋಡ್ಬೇಕಿತ್ತು ನೀನು. ಹೇಳಿದ್ರೆ ಗೀರು ಹೋಗುತ್ತಾ? ನೀನೂ ಬಾಯಿಗೆ ಬೀಗ ಹಾಕ್ಕೋ."

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು.

*

"ಆವತ್ತು ಉಜ್ಜಿಕೊಟ್ಟಿದ್ದನ್ನ ದಿನಾ ಜೇಬಲ್ಲೇ ಇಟ್ಕೊಂಡಿದ್ರು," ಎಂದಳು ಆಕೆ. "ಉಳಿದವನ್ನೂ ಕೊಡಿ ಅಂದ್ರೆ, ಒಂದೇ ಸಾಕು ಕಣೇ, ಕಣ್ಣು ಕುಕ್ಕುತ್ತೆ ಅನ್ನೋರು. ಇವತ್ತು ಅದನ್ನೇ ಜೇಬಿಗೆ ಹಾಕಿ ಕಳಿಸಿದೆ." ಕಣ್ಣು ಒರೆಸಿಕೊಂಡು, ಗಂಡನ ಹಳೇ ಬನಿಯನ್ನಿನ ತುಂಡನ್ನು ಹಲ್ಲುಪುಡಿಗೆ ಅದ್ದಿದಳು. ಅಂಗೈಯಲ್ಲಿದ್ದದ್ದು ಸರಪಳಿ ಹರಿಯುವ ಹೆಂಗಸು.

"ಅತ್ತಿಗೆ..." ಎಂದ. ಬಾಯಲ್ಲಿ ಬಿಸಿ ತುಪ್ಪ. ಬೇಡ ಎಂದರೆ ನಾಣ್ಯ ಉಳಿಯುತ್ತದೆ, ಏಕೆಂದು ಹೇಳಿದರೆ ಗೆಳೆಯ ಇಷ್ಟು ವರ್ಷ ಕಾಪಾಡಿದ ಆ ಸೂರ್ಯ ಆರಿಹೋಗುತ್ತಾನೆ.

"ಏನು, ಹೇಳಿ?"

"ನೀವು ಹಡಗು ಉಜ್ಜಿದ್ರಿ. ಇದನ್ನ ನಾನು ಉಜ್ತೀನಿ."

"ಕೈಯೆಲ್ಲ ಹಲ್ಲುಪುಡಿ ಆಗುತ್ತೆ."

"ಆಗ್ಲಿ ಬಿಡಿ." ಪಕ್ಕದಲ್ಲೇ ಕೂತು, ಜೇಬಿನಿಂದ ಬಿಳಿ ಕೈಗವಸು ತೆಗೆದ.

"ಅಯ್ಯ, ಬಟ್ಟೇನೂ ತಂದಿದ್ದೀರಲ್ಲ," ಎಂದು ಆಕೆ ಅಂದು ಮೊದಲ ಸಲ ನಕ್ಕಳು.

ಅವನು ಕೈಗವಸಿನ ಹೆಬ್ಬೆರಳನ್ನು ಹಲ್ಲುಪುಡಿಗೆ ಅದ್ದಿ, ಉಸಿರು ಬಿಗಿಹಿಡಿದು, ಮೆಲ್ಲಗೆ ಉಜ್ಜತೊಡಗಿದ.

"ಜೋರಾಗಿ," ಎಂದಳು ಆಕೆ, ತಟ್ಟೆಯನ್ನು ಅವನತ್ತ ಸರಿಸಿ. "ಅದೇನು ಗಡಿಯಾರಾನಾ?"