ಮುಚ್ಚಿಕೊಂಡ ಬಿರುಕು

ಮಧ್ಯಾಹ್ನ ಅತಿಥಿಗಳೆದುರು ನಡೆಯಲಿದ್ದ ಪ್ರದರ್ಶನದ ಬೆಳಗಿನ ತಾಲೀಮಿನಲ್ಲಿ ಹಲಗೆಯ ಮೇಲೆ ಮರಳಿನ ಮೂಟೆ ಹೇರಿದಾಗ ಕಂಪ್ಯೂಟರಿನ ಪರದೆಯಲ್ಲಿ ಒಂದು ಕೆಂಪು ಗೆರೆ ಮೂಡಿತು. ಮೂಟೆ ಇಳಿಸಿದೊಡನೆ ಮತ್ತೆ ಎಲ್ಲ ಹಸಿರು.

"ನೋಡಿದ್ರಾ? ಏನೂ ಆಗಿಲ್ಲ!" ಎಂದು ಪ್ರಯೋಗಾಲಯದ ಯಜಮಾನ ಕೈ ತಟ್ಟಿದ. ಅವನ ನಾದಿನಿ, ಹೆಂಡತಿಯ ತಂಗಿ, ಗೆರೆ ಮೂಡಿದ್ದ ಜಾಗವನ್ನು ಗುರುತು ಹಾಕಿಕೊಂಡಳು.

ಅದು ಮರದ ಹಲಗೆಯಲ್ಲ. ಅಂಟಿನಲ್ಲಿ ಇಂಗಾಲದ ಎಳೆಗಳನ್ನು ಹಾಸಿ ಬೇಯಿಸಿದ್ದು. ಎಳೆಗಳಲ್ಲಿ ಸಣ್ಣಗೆ ಕರೆಂಟು ಹರಿಯುತ್ತದೆ. ಎಳೆ ತುಂಡಾದರೆ ಕರೆಂಟಿಗೆ ಅಡ್ಡಿ. ಹೀಗೆ ಹಲಗೆ ತನ್ನ ನೋವನ್ನು ತಾನೇ ಹೇಳಿಕೊಳ್ಳುತ್ತದೆ. ಆ ಮಾತನ್ನು ಕೇಳಿಸಿಕೊಂಡು, ಬಿರುಕು ಎಲ್ಲಿ ಹುಟ್ಟಿ ಎತ್ತ ಬೆಳೆಯುತ್ತದೆಂದು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಯನ್ನು ವರ್ಷಗಟ್ಟಲೆ ಕೂತು ಕಟ್ಟಿದವಳು ನಾದಿನಿ. ಅದು ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾದಾಗ ಇದ್ದದ್ದು ಭಾವನ ಹೆಸರೊಂದೇ. "ಮನೆಯವಳೇ ಅಲ್ವೇನೇ ಪುಟ್ಟಿ, ನಿಂದು ನಂದು ಅಂತ ಏನು?" ಎಂದು ನಕ್ಕಿದ್ದ. ಅಂದಿನಿಂದ ಅವಳದು ಬೂದಿ ಮುಚ್ಚಿದ ಕೆಂಡ.

ಅವಳ ಮಾದರಿಯಲ್ಲಿ ಒಂದು ನಿಯಮವಿತ್ತು: ಒಮ್ಮೆ ಬಾಯಿಬಿಟ್ಟ ಬಿರುಕು ಕೂಡಿಕೊಂಡಿತೆಂದು ನಂಬಬಾರದು. ಭಾರ ಇಳಿದಾಗ ತುಂಡಾದ ತುದಿಗಳು ಬರೀ ತಾಗಿಕೊಳ್ಳುತ್ತವೆ. ಕರೆಂಟು ಹರಿಯುತ್ತದೆ, ಬಲ ಮರಳುವುದಿಲ್ಲ. ಲೆಕ್ಕ ನಿಧಾನವಾಗುತ್ತದೆಂದು ಭಾವ ಆ ನಿಯಮವನ್ನೇ ಕಿತ್ತುಹಾಕಿದ್ದ. ಹಾಗಾಗಿ ಬೆಳಗ್ಗೆ ಬಿರುಕು ಬಿಟ್ಟ ಈ ಹಲಗೆ ಇಂದು ಮುರಿಯುತ್ತದೆಂದು ಅವಳಿಗೊಬ್ಬಳಿಗೇ ಗೊತ್ತು. ಮುರಿಯಲಿ, ಅತಿಥಿಗಳ ಎದುರೇ ಮುರಿಯಲಿ ಎಂದು ಅವಳು ಕಾದಳು.

ಮಧ್ಯಾಹ್ನ ಅತಿಥಿಗಳು ಬಂದರು. ಹಲಗೆ ಮಂಡಿಯೆತ್ತರದ ಎರಡು ಆಸರೆಗಳ ಮೇಲಿತ್ತು.

"ಮೇಸ್ತ್ರಿ, ಹತ್ತಿ ನಿಲ್ಲಪ್ಪಾ," ಎಂದ ಭಾವ.

ಮತ್ತೆ ಮೂಟೆಯನ್ನೇ ಹೇರುತ್ತಾರೆಂದುಕೊಂಡಿದ್ದಳು ಅವಳು. ಹಲಗೆಗಳನ್ನು ಬೇಯಿಸುವ ಮುದುಕ ಮೇಸ್ತ್ರಿ, ಅಂಟಿನ ವಾಸನೆ ಹೆಚ್ಚಾದ ದಿನ ಹೇಳದೆಯೇ ಬಂದು ಅವಳ ಪಕ್ಕದ ಕಿಟಕಿ ತೆರೆದಿಟ್ಟು ಹೋಗುವವನು. ಅವನಾಗಲೇ ಚಪ್ಪಲಿ ಬಿಡುತ್ತಿದ್ದ.

"ನಿಲ್ಲಿ ಮೇಸ್ತ್ರಿ!" ಎಂದಳು. ಆಮೇಲೆ ನಗುತ್ತಾ, "ಭಾವ, ಮಾದರಿ ನಿಮ್ಮದು, ಹೆಸರು ನಿಮ್ಮದು. ಮದುವೆ ಗಂಡು ನೀವಾಗಿ, ನಿಲ್ಲೋಕೆ ಮಾತ್ರ ಮೇಸ್ತ್ರಿನಾ?"

ಅತಿಥಿಗಳು ಗೊಳ್ಳೆಂದು ನಕ್ಕರು. ಭಾವ ಒಂದು ಕಾಲೆತ್ತಿದವನು ತಡೆದು, ಅವಳ ಕಡೆ ಬಗ್ಗಿ ಪಿಸುಗುಟ್ಟಿದ: "ಸರಿ ಇದೆ ತಾನೇ, ಪುಟ್ಟಿ?"

ಅಕ್ಕನ ಮುಖ ಕಣ್ಣ ಮುಂದೆ ಬಂದು ಹೋಯಿತು.

"ಪರದೆ ಹಸಿರಾಗಿದೆಯಲ್ಲ. ನಿಮ್ಮ ಲೆಕ್ಕ ನೀವೇ ನಂಬಲ್ವಾ?"

ಹತ್ತಿದ. ಹಲಗೆ ಚಟ್ಟೆಂದು ಎರಡು ತುಂಡಾಯಿತು. ಪರದೆ ಕೊನೆಯ ಗಳಿಗೆಯವರೆಗೂ ಹಸಿರು.

ಮೊದಲು ಓಡಿಬಂದವನು ಮೇಸ್ತ್ರಿಯೇ. ಬಿದ್ದ ಯಜಮಾನನ ಉಳುಕಿದ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ನೀವತೊಡಗಿದ.

"ಇದು ಹೇಗಾಯ್ತು?" ಎಂದರು ಅತಿಥಿಗಳಲ್ಲಿ ಹಿರಿಯಾಕೆ. ನಾದಿನಿ ಕಂಪ್ಯೂಟರಿನ ಮುಂದೆ ಕುಳಿತು, ಕಿತ್ತುಹಾಕಿದ್ದ ನಿಯಮವನ್ನು ಮತ್ತೆ ಸೇರಿಸಿ, ಬೆಳಗಿನ ಅಳತೆಗಳನ್ನೇ ಉಣಿಸಿದಳು. ಲೆಕ್ಕ ನಿಧಾನವಾಗಿಯೇ ನಡೆಯಿತು. ಎಲ್ಲರೂ ಕಾದರು. ಕೊನೆಗೆ ಅಂಚಿನಿಂದ ನಡುವಿಗೆ ಕೆಂಪು ಗೆರೆ ಹರಿಯಿತು, ನೆಲದ ಮೇಲೆ ಬಿದ್ದಿದ್ದ ಹಲಗೆ ಮುರಿದ ಜಾಗದಲ್ಲೇ.

"ಇದು ಯಾರ ಮಾದರಿ?" ಎಂದರು ಹಿರಿಯಾಕೆ.

"ನನ್ನದು."

ಭಾವ ಹಲ್ಲು ಕಚ್ಚಿ ಕೇಳಿದ: "ಗೊತ್ತಿದ್ದೂ ನನ್ನ ಹತ್ತಿಸಿದೆಯಾ?"

"ಹೌದು ಭಾವ. ನಾನೇ ಹತ್ತಿಸಿದೆ ಅಂತ ಅಕ್ಕನಿಗೆ ನೀವೇ ಹೇಳ್ತೀರೋ, ನಾನೇ ಫೋನ್ ಮಾಡ್ಲೋ?"