ಅಂದಾಜಿನ ಮೇಷ್ಟರು

ಯಾವ ಮಗುವನ್ನು ಕಂಡರೂ ಹೆಸರು ಕೇಳುವ ಮೊದಲೇ ಅದರ ವಯಸ್ಸನ್ನು ತೀರ್ಮಾನಿಸಿಬಿಡುವುದು ಷಡಕ್ಷರಿ ಮೇಷ್ಟರ ಸ್ವಭಾವ. ತುಮಕೂರಿನ ನಮ್ಮ ಬೀದಿಯಲ್ಲಿ ಅವರು ನಡೆದುಬರುವ ವೈಖರಿಯನ್ನೇ ನೋಡಬೇಕು: ಕಂಕುಳಲ್ಲಿ ಎಂದೂ ಬಿಚ್ಚದ ಕೊಡೆ, ಕಡುಬೇಸಿಗೆಯಲ್ಲೂ ಮೈ ಬಿಡದ ಕಂದು ಕೋಟು, ಕೊಂಚ ಹೊರಕ್ಕೆ ಬೀಸುವ ಎಡಗಾಲು, ನಾಲ್ಕು ಹೆಜ್ಜೆಗೊಮ್ಮೆ ನಿಂತು, ಎದುರಾದ ಮಗುವನ್ನು ನೆತ್ತಿಯಿಂದ ಅಂಗಾಲಿನವರೆಗೆ ಕಣ್ಣಲ್ಲೇ ಅಳೆದು, “ಅಂದಾಜಿಗೆ ಐದೂಕಾಲು” ಎಂದು ಘೋಷಿಸಿ, ತಾಯಿ ಅಲ್ಲವೆಂದರೆ ತಾಯಿಯ ಲೆಕ್ಕವನ್ನೇ ಸಂಶಯಿಸಿ ಮುಂದೆ ಸಾಗುವ ಮನುಷ್ಯ. ‘ಅಂದಾಜಿಗೆ’ ಎಂಬ ಮಾತಿಲ್ಲದೆ ಅವರ ಬಾಯಿಂದ ಒಂದು ವಾಕ್ಯವೂ ಹೊರಡುವುದಿಲ್ಲ.

ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆ ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವರು ಅವರು. ನನ್ನನ್ನು ಒಂದನೇ ತರಗತಿಗೆ ಸೇರಿಸಿಕೊಂಡವರೂ ಅವರೇ. ಆಗ ಜನನಪತ್ರ ಯಾರ ಮನೆಯಲ್ಲಿತ್ತು? ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದ ಮಗುವಿಗೆ ವಯಸ್ಸು ತುಂಬಿತೆಂದು ಲೆಕ್ಕ. ನನ್ನ ಬೆರಳು ಕಿವಿಗೆ ಎಟುಕಲಿಲ್ಲ. ಮೇಷ್ಟರು ಮೆಲ್ಲಗೆ ನನ್ನ ತಲೆಯನ್ನೇ ಓರೆ ಮಾಡಿ ಮುಟ್ಟಿಸಿದರು, ‘ಜೂನ್ ಒಂದು’ ಎಂದು ಬರೆದುಕೊಂಡರು. ನಮ್ಮ ತರಗತಿಯ ಇಪ್ಪತ್ತೊಂಬತ್ತು ಮಂದಿಯೂ ಹೀಗೆ ಒಂದೇ ದಿನ ಹುಟ್ಟಿದವರು. ನನ್ನ ತಾಯಿಗೆ “ರಾಗಿ ಕುಯ್ಲಿನ ಕಾಲ” ಎಂಬುದಷ್ಟೇ ನೆನಪು. ಹೀಗಾಗಿ ನನಗೆ ನಿಜವಾಗಿ ಎಷ್ಟು ವಯಸ್ಸೆಂದು ನನಗೆ ಇಂದಿಗೂ ತಿಳಿಯದು. ಆದರೆ ಆ ಸುಳ್ಳು ತಾರೀಖು ಇಲ್ಲದಿದ್ದರೆ ಒಂದು ವರ್ಷ ದನ ಕಾಯುತ್ತಿದ್ದೆ, ಆಮೇಲೆ ಶಾಲೆಯ ಕಡೆ ತಲೆ ಹಾಕುತ್ತಿದ್ದೆನೋ ಇಲ್ಲವೋ ಶಿವನೇ ಬಲ್ಲ.

ಹೆಂಡತಿ ತೀರಿಕೊಂಡ ಮೇಲೆ ಮೇಷ್ಟರು ನಮ್ಮ ಪಕ್ಕದ ಮನೆಗೆ, ಮಗಳು ದಾಕ್ಷಾಯಣಿಯ ಬಳಿಗೆ ಬಂದರು. ಆಕೆಗೆ ಕುಣಿಗಲ್ ತಾಲ್ಲೂಕು ಕಚೇರಿಯಲ್ಲಿ ಕೆಲಸ. ಬೆಳಿಗ್ಗೆ ಎಂಟರ ಬಸ್ಸು ಹಿಡಿದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಅಳಿಯನಿಗೆ ಕಾರ್ಖಾನೆಯ ಪಾಳಿ. ಹೀಗಾಗಿ ಮೊಮ್ಮಗಳು ನಂದಿತಾಳ ಹಗಲೆಲ್ಲ ತಾತನದು. ತಾತನಿಗಂತೂ ಅದಲ್ಲದೆ ಬೇರೆ ಹಗಲೇ ಇರಲಿಲ್ಲ.

ಒಂದು ದಿನ ಆಟಿಕೆ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು. ಮರದ ಹಲಗೆಯಲ್ಲಿ ಆನೆ, ಹಸು, ಕುರಿ, ಕೋಳಿಮರಿಗಳ ಆಕಾರದ ಕುಳಿಗಳು. ಆಯಾ ಕುಳಿಗೆ ಆಯಾ ಪ್ರಾಣಿಯನ್ನು ಕೂರಿಸುವ ಪಜಲ್. ಡಬ್ಬಿಯ ಮೇಲೆ ‘3+’ ಎಂದಿತ್ತು. ಅದರ ಕೆಳಗೆ ಸಪ್ಪಗಿನ ಒಂದು ಪುಟ್ಟ ಮುಖ, ಅದರ ಮೇಲೆ ಅಡ್ಡಗೀಟು. ಮಗುವಿಗೆ ಆಗ ಎರಡು ವರ್ಷ ಐದು ತಿಂಗಳು. ನಾನು ಡಬ್ಬಿಯ ಮೇಲೆ ಬೆರಳಿಟ್ಟು ತೋರಿಸಿದೆ.

“ಎರಡು ತುಂಬ್ತು ಅಂದ್ರೆ ಮೂರನೇದು ನಡೀತಾ ಇದೆ ಅಂತ ತಾನೇ? ಅಂದಾಜಿಗೆ ಮೂರೇ ಕಣ್ಲಾ” ಎಂದರು. ಆ ಸಪ್ಪೆ ಮುಖಕ್ಕೂ ಅವರಲ್ಲಿ ಭಾಷ್ಯವಿತ್ತು: “ದಡ್ ಮಕ್ಳು ಕೈಲಾಗ್ದೆ ಅಳ್ತವೆ ಅಂತ ಹಾಕವ್ರೆ. ನಮ್ಮವಳು ಯಾಕ್ ಅಳ್ತಾಳೆ?”

ನಮ್ಮೂರಿನ ವಾಡಿಕೆಯ ಲೆಕ್ಕವೇ ಹಾಗಿರುವಾಗ ನಾನು ತಾನೇ ಏನು ಹೇಳಲಿ? ಮೂರನೆಯ ದಿನಕ್ಕೆ ನಂದಿತಾ ಎಲ್ಲ ಪ್ರಾಣಿಗಳನ್ನೂ ಸರಿಯಾಗಿ ಕೂರಿಸಿದಳು. ಮೇಷ್ಟರಿಗೆ ನೆಲ ಕಾಣಲಿಲ್ಲ. ಹಲಗೆಯನ್ನು ಹೊತ್ತು, ಮಗುವನ್ನು ನಡೆಸಿಕೊಂಡು, ಬೀದಿಯ ಮನೆಮನೆಯಲ್ಲೂ ಆ ವಿದ್ಯೆಯನ್ನು ಪ್ರದರ್ಶಿಸಿ ಬಂದರು. ಕೇಳಿದವರಿಗೆಲ್ಲ, “ಡಬ್ಬಿಯೋರಿಗೇನ್ ಗೊತ್ತು ನಮ್ ಮಕ್ಳ ತಲೆ?” ಎಂದರು.

ಒಂದು ಮಧ್ಯಾಹ್ನ ಊಟದ ತರುವಾಯ ಅವರ ಕೂಗು ಕೇಳಿ ನಾನು ಓಡಿದೆ. ಕೋಳಿಮರಿ ಕಾಣೆಯಾಗಿತ್ತು. ಎಲ್ಲಕ್ಕಿಂತ ಸಣ್ಣ ತುಂಡು ಅದು, ಹುಣಿಸೆಬೀಜಕ್ಕಿಂತ ಸ್ವಲ್ಪ ದೊಡ್ಡದು. ಮೇಷ್ಟರು ಐದು ನಿಮಿಷ ಕಣ್ಣು ಮುಚ್ಚಿದ್ದರಂತೆ. “ಕೋಳಿಮರಿ ಎಲ್ಲಮ್ಮಾ?” ಎಂದು ನಾನು ಕೇಳಿದರೆ ಮಗು ತನ್ನ ಹೊಟ್ಟೆ ತೋರಿಸಿತು, ಇನ್ನೊಮ್ಮೆ ಕೇಳಿದರೆ ಕಿಟಕಿಯ ಕಾಗೆಯನ್ನು, ಮತ್ತೊಮ್ಮೆ ಕೇಳಿದರೆ ತಾತನ ಹೊಟ್ಟೆಯನ್ನು ತೋರಿಸಿತು. ನುಂಗಿದೆಯಾ ಎಂದರೂ ಹೂಂ, ಎಸೆದೆಯಾ ಎಂದರೂ ಹೂಂ. ನಾವು ಮಂಚ ಎತ್ತಿದೆವು, ಅಕ್ಕಿ ಡಬ್ಬ ಸುರಿದೆವು, ಬಚ್ಚಲಿಗೆ ಕೈ ಹಾಕಿದೆವು. ಕೊನೆಗೆ ಆಟೋ ಹತ್ತಿದೆವು.

ಡಾಕ್ಟರು ಮಗುವಿನ ಬಾಯಿ ನೋಡಿದರು, ಎದೆಗೆ ಕಿವಿಗೊಟ್ಟರು. ಉಸಿರಾಟ ಸರಿಯಿದೆ, ಮರದ ತುಂಡು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣಿಸುವುದಿಲ್ಲ, ಕೆಮ್ಮು ಬಂದರೆ ತಕ್ಷಣ ಕರೆತನ್ನಿ, ಇಲ್ಲವಾದರೆ ಎರಡು ಮೂರು ದಿನ ನೋಡುತ್ತಿರಿ ಎಂದರು. ಮೇಷ್ಟರು ಅಷ್ಟಕ್ಕೆ ಸುಮ್ಮನಾಗದೆ, ಮಗು ಎಷ್ಟು ಚುರುಕು, ಮೂರು ವರ್ಷದ ಪಜಲನ್ನು ಹೇಗೆ ಮಾಡುತ್ತದೆ ಎಂದು ವಿವರಿಸತೊಡಗಿದರು.

“ಸಾರ್, ಆ ನಂಬರ್ ಬುದ್ಧಿಗೆ ಹಾಕಿರೋದಲ್ಲ, ಗಂಟಲಿಗೆ ಹಾಕಿರೋದು” ಎಂದರು ಡಾಕ್ಟರು.

ಮೇಷ್ಟರು ಹೊರಗೆ ಬಂದು ಬೆಂಚಿನ ಮೇಲೆ ಕುಳಿತು, ಪಾಠ ಬಾರದ ಹುಡುಗನ ಹಾಗೆ ನನ್ನ ಮುಖ ನೋಡಿದರು. “ಹಂಗಂತ ಬರೀಬಾರ್ದೇನ್ಲಾ ಅವ್ರು?” ಎಂದು ಕೇಳಿದರು.

ಕೆಮ್ಮು ಬರಲಿಲ್ಲ, ತುಂಡೂ ಬರಲಿಲ್ಲ. ಮೂರು ದಿನ ಮೇಷ್ಟರು ಯಾವ ಮುಜುಗರವೂ ಇಲ್ಲದೆ ಕಡ್ಡಿ ಹಿಡಿದು ಹುಡುಕಬೇಕಾದಲ್ಲೆಲ್ಲ ಹುಡುಕಿದರು. ಕೋಳಿಮರಿ ಎಲ್ಲಿ ಹೋಯಿತೆಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ದಾಕ್ಷಾಯಣಿ ತಂದೆಯನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮಗುವನ್ನು ಪ್ಲೇ ಹೋಮಿಗೆ ಹಾಕುತ್ತೇನೆ ಎಂದಷ್ಟೇ ಹೇಳಿದಳು. ಅಂದಿನಿಂದ ಮೇಷ್ಟರು ಬೀದಿಯಲ್ಲಿ ಮಕ್ಕಳ ವಯಸ್ಸು ಹೇಳುವುದನ್ನು ಬಿಟ್ಟರು.

ಸೇರಿಸುವ ದಿನ ನಾನೂ ಜೊತೆಗಿದ್ದೆ. ಅಲ್ಲಿ ಮೂರು ತುಂಬಿದವರಿಗೆ ಮಾತ್ರ ಪ್ರವೇಶ. ಫಾರಂ ತುಂಬಲು ದಾಕ್ಷಾಯಣಿ ತಂದೆಯ ಕೈಗೇ ಕೊಟ್ಟಳು, ಅಕ್ಷರ ದುಂಡಗಿರುತ್ತದೆಂದು. “ಮೂರು ಅಂತ್ಲೇ ಬರೀರಿ ಸಾರ್, ಸರ್ಟಿಫಿಕೇಟ್ ಆಮೇಲ್ ನೋಡಣ” ಎಂದು ಅಲ್ಲಿಯ ಮೇಡಂ ಧಾರಾಳವಾಗಿ ಹೇಳಿದರು. ಮೇಷ್ಟರ ಪೆನ್ನು ಬಹಳ ಹೊತ್ತು ಕಾಗದದ ಮೇಲೆ ನಿಂತಿತು. ಆಮೇಲೆ ‘ಎರಡು ವರ್ಷ, ಏಳು ತಿಂಗಳು, ಒಂಬತ್ತು ದಿನ’ ಎಂದು ಬರೆದರು.

“ಏನ್ ಅಪ್ಪಾಜಿ ಇದು? ಊರ್ ಮಕ್ಳಿಗೆಲ್ಲ ಬರ್ದ್ರಿ, ನನ್ ಮಗೂಗೆ ಆಗಲ್ವಾ?” ಎಂದಳು ದಾಕ್ಷಾಯಣಿ.

“ಆ ಮಕ್ಳಿಗೆ ಇಸ್ಕೂಲ್ ತಪ್ಪೋಗ್ತಿತ್ತು ಕಣವ್ವ. ಇವಳಿಗೆ ಏನ್ ತಪ್ತದೆ?”

ಮೇಡಂ ಫಾರಂ ಹಿಂದಕ್ಕೆ ಕೊಟ್ಟರು. ದಾರಿಯಲ್ಲಿ ದಾಕ್ಷಾಯಣಿ ಮಗುವನ್ನೆತ್ತಿಕೊಂಡು ಮುಂದೆ ನಡೆಯುತ್ತಿದ್ದಾಗ ನಾನು ಮೆಲ್ಲಗೆ ಕೇಳಿದೆ: “ನಿಜ ಬರೀಬೇಕು ಅಂತ ಬರೆದ್ರಾ, ಮಗು ನಿಮ್ಮತ್ರನೇ ಇರ್ಲಿ ಅಂತ ಬರೆದ್ರಾ ಮೇಷ್ಟ್ರೇ?”

“ಅದೇ ನಂಗೂ ಗೊತ್ತಾಗ್ತಿಲ್ಲ ಕಣ್ಲಾ” ಎಂದರು. ನನಗೂ ಗೊತ್ತಾಗಲಿಲ್ಲ.

ಬಸ್ ನಿಲ್ದಾಣ ಬಂತು. ಕುಣಿಗಲ್ ಬಸ್ಸು ಆಗಲೇ ಹೊರಟು ನಿಂತಿತ್ತು. ದಾಕ್ಷಾಯಣಿ ಬಸ್ಸನ್ನು ನೋಡಿದಳು, ತಂದೆಯನ್ನು ನೋಡಿದಳು; ಮಗುವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು. ಆಮೇಲೆ, “ತಗಳಿ ಅಪ್ಪಾಜಿ. ಕಣ್ ಮುಚ್ಬೇಡಿ” ಎಂದು ಮಗುವನ್ನು ಕೊಟ್ಟು ಬಸ್ಸು ಹತ್ತಿದಳು. ಮೇಷ್ಟರು ಕೊಡೆಯನ್ನು ನನ್ನ ಕೈಗೆ ತುರುಕಿ, ಎರಡೂ ಕೈಗಳಲ್ಲಿ ಮಗುವನ್ನು ಹಿಡಿದುಕೊಂಡರು.

ಪರರ ಮಕ್ಕಳಿಗೆ ಕೈಯೆತ್ತಿ ವರ್ಷಗಳನ್ನು ಹಂಚಿದ ಇಂಥವರು ನಮ್ಮ ನಾಡಿನಲ್ಲಿ ಬಹಳ ಮಂದಿ ಇದ್ದರು. ಅವರ ಅಂದಾಜಿನ ಔದಾರ್ಯದಿಂದಲೇ ನಾವೆಲ್ಲ ನಾಲ್ಕಕ್ಷರ ಕಲಿತೆವು. ಅವರಿಗೆ ತಿಳಿಯದ್ದು ಒಂದೇ: ನಮ್ಮ ತಲೆಗಳನ್ನು ಅವರು ಚೆನ್ನಾಗಿ ಅಳೆದರು, ಗಂಟಲುಗಳು ಎಷ್ಟು ಸಣ್ಣವೆಂದು ಮಾತ್ರ ನೋಡಲಿಲ್ಲ. ಅದು ತಿಳಿಯುವ ಹೊತ್ತಿಗೆ ಅವರಿಗೆ ವಯಸ್ಸಾಗಿರುತ್ತದೆ, ತೋಳಿನಲ್ಲಿ ಒಂದು ಮಗು ಇರುತ್ತದೆ, ಅದನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕೆಂದು ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ.